ಐದು ಗುಂಡಿಯ ಸತ್ತ ಡಬ್ಬಿ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಕೆಂಪು ದೀಪ. ಗಾತ್ರದಲ್ಲಿ ಸಾಸಿವೆಗಿಂತ ಒಂದು ಕೈ ಮೇಲು, ಅಷ್ಟೇ. ಆದರೆ ಅದು ಮಿಣಕ್ ಎಂದರೆ ಸಾಕು, ಮೈಕಣ್ಣನ ಎದೆ ಧಸಕ್ ಎನ್ನುತ್ತಿತ್ತು.

ಮೈಕಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಯಾರೂ ಬಳಸದೆ ಅದು ತುಕ್ಕು ಹಿಡಿದಿತ್ತು. ನಾಲ್ಕು ಮಹಡಿಯ ಹಳೇ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಅವನ ರೆಕಾರ್ಡಿಂಗ್ ಅಂಗಡಿ. ಹೊರಗಿನ ಸದ್ದು ತಡೆಯಲು ಗೋಡೆಗೆಲ್ಲ ಮೊಟ್ಟೆಯ ಟ್ರೇ, ಬಾಗಿಲಿಗೆ ಹಳೇ ಹಾಸಿಗೆ, ಇರುವ ಒಂದೇ ಕಿಟಕಿಗೆ ದಪ್ಪ ಪರದೆ. ಬಟ್ಟೆ ಅಂಗಡಿಯ ರಿಯಾಯಿತಿ ಕೂಗು, ಕಳೆದುಹೋದ ನಾಯಿಯ ಪ್ರಕಟಣೆ, ಶಾಲೆ ಮಕ್ಕಳ ಪದ್ಯ ಇಂಥವನ್ನೆಲ್ಲ ರೆಕಾರ್ಡ್ ಮಾಡಿಕೊಟ್ಟು ಅವನು ಸಂಸಾರ ತೂಗಿಸುತ್ತಿದ್ದ.

ಕೋಣೆ ಮಾತ್ರ ಅವನದಲ್ಲ, ಕಟ್ಟಡದ ಸಂಘದ್ದು. ಸಂಘಕ್ಕೆ ಈಗ ಸೈಕಲ್ ನಿಲ್ಲಿಸಲು ಜಾಗ ಬೇಕಾಗಿತ್ತು. ಅಂದು ಬೆಳಿಗ್ಗೆ ಸಂಘದ ಅಧ್ಯಕ್ಷರು ಬಂದು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು.

“ನೋಡು ಮೈಕಣ್ಣ, ನಮ್ಮ ಗಾಯನ ಗುಂಪಿನ ಹಾಡು ಇವತ್ತು ರೆಕಾರ್ಡ್ ಮಾಡು. ಸಾಯಂಕಾಲ ತಾರಸಿ ಮೇಲೆ ಸಭೆ ಇದೆ. ಎಲ್ಲರ ಮುಂದೆ ಹಾಕ್ತೀವಿ. ಚೆನ್ನಾಗಿ ಬಂದಿದ್ರೆ ಕೋಣೆ ನಿನಗೆ. ಇಲ್ಲ ಅಂದ್ರೆ ಸೈಕಲ್ಲಿಗೆ.”

“ಚೆನ್ನಾಗಿ ಹಾಡಿದ್ರೆ ಚೆನ್ನಾಗೇ ಬರುತ್ತೆ ಸಾರ್.”

“ನಾವು ಚೆನ್ನಾಗೇ ಹಾಡೋದು. ಕೆಟ್ರೆ ಅದು ನಿನ್ನ ಮೈಕಿನ ತಪ್ಪು.”

ಮೈಕಣ್ಣ ಐದು ಮೈಕು ನಿಲ್ಲಿಸಿ, ಐದಕ್ಕೂ ವೈರು ಎಳೆದು, ತನ್ನ ಮಿಕ್ಸರಿಗೆ ಚುಚ್ಚಿದ. ಐವರ ಧ್ವನಿಯೂ ಅಲ್ಲಿಗೇ ಬಂದು ಸೇರಬೇಕು. ಅದರಲ್ಲಿ ಒಬ್ಬೊಬ್ಬರಿಗೂ ತಿರುಗಿಸುವ ಒಂದು ಗುಂಡಿ, ಒಂದು ಕೆಂಪು ದೀಪ. ಯಾರದನ್ನು ಎಷ್ಟು ಒಳಗೆ ಬಿಡಬೇಕು ಎಂದು ನೋಡಿಕೊಳ್ಳುವುದೇ ಅವನ ಕಸುಬು. ಕಡಿಮೆ ಬಿಟ್ಟರೆ ಧ್ವನಿ ಬಾವಿಯೊಳಗಿಂದ ಬಂದಂತೆ. ಹೆಚ್ಚು ಬಿಟ್ಟರೆ ಆ ಕೆಂಪು ದೀಪ ಹತ್ತುತ್ತದೆ. ಹತ್ತಿತೆಂದರೆ ಧ್ವನಿ ಹಳೇ ಬಟ್ಟೆಯಂತೆ ಪರ್ರನೆ ಹರಿಯಿತು ಎಂದೇ ಅರ್ಥ. ಹರಿದ ಬಟ್ಟೆಗಾದರೂ ತೇಪೆ ಹಾಕಬಹುದು, ಹರಿದ ಧ್ವನಿಗೆ ಅದೂ ಇಲ್ಲ.

ಗುಂಪು ಬಂತು. ಅಧ್ಯಕ್ಷರದೇ ಮುಂದಾಳತ್ವ, ಹಾಡು ಬರೆದವರೂ ಅವರೇ. ಹಿಂದೆ ಎರಡನೇ ಮಹಡಿಯ ಬಸ್ ಕಂಡಕ್ಟರ್. ಅವರು ಮನೆಯಲ್ಲಿ ಉಪ್ಪು ಕೇಳಿದರೆ ಎದುರು ಬೀದಿಯವರು ಉಪ್ಪು ತಂದುಕೊಡಬೇಕು, ಅಂಥ ಕಂಠ. ಅವರ ಹಿಂದೆ ನರ್ಸಮ್ಮ. ಇಡೀ ಬದುಕು ಮಲಗಿದ ರೋಗಿಗಳ ನಡುವೆ ಕಳೆದವರು, ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತಿದ್ದರು. ಆಮೇಲೆ ಕೆಳಮನೆಯ ಅಜ್ಜಿ, ಎಲ್ಲಿ ಏನು ಹರಡಿದ್ದರೂ ಎತ್ತಿಡದೆ ಕೈ ಸುಮ್ಮನಿರದವರು. ಕೊನೆಗೆ, ಕುತ್ತಿಗೆಗೆ ಶಾಲು ಸುತ್ತಿಕೊಂಡು, ಮೈಕಣ್ಣನ ಅತ್ತೆ.

ಅತ್ತೆ ಮಗಳ ಮನೆಗೆ ವಾರಕ್ಕೆಂದು ಬಂದವರು ಹಾಡಿನ ಗುಂಪು ಕಂಡು ಉಳಿದೇಬಿಟ್ಟಿದ್ದರು. ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: “ರೀ, ಅಮ್ಮನ ಧ್ವನಿ ಕಂಡಕ್ಟರ ಧ್ವನಿಗಿಂತ ಒಂಚೂರು ಕಮ್ಮಿ ಕೇಳಿಸಿದ್ರೂ ನೀವು ಆ ಕೋಣೇಲೇ ಮಲಗಿ. ಸೈಕಲ್ ಜೊತೆ.”

“ಒಬ್ಬೊಬ್ಬರೇ ಒಂದೊಂದು ಸಾಲು ಹಾಡಿ. ನಾನು ಅಳತೆ ನೋಡ್ಕೋಬೇಕು,” ಎಂದ ಮೈಕಣ್ಣ, ಕಿವಿಗೆ ಹೆಡ್‌ಫೋನ್ ಏರಿಸಿ.

ಆಗ ನೋಡಬೇಕು ವಿನಯ! ಕಂಡಕ್ಟರ್ ತೊಟ್ಟಿಲು ತೂಗುವವರ ಹಾಗೆ ಹಾಡಿದರು. ಅತ್ತೆ ಕಣ್ಣು ಮುಚ್ಚಿ ಮೆಲ್ಲಗೆ ಗುನುಗಿದರು. ಅನುಭವವಿದ್ದ ಮೈಕಣ್ಣ ಈ ವಿನಯವನ್ನು ನಂಬಲಿಲ್ಲ. ಹಾಲು ಕಾಯಿಸುವವರು ಪಾತ್ರೆಯಲ್ಲಿ ಮೇಲೆ ಜಾಗ ಬಿಡುವಂತೆ ಎಲ್ಲರಿಗೂ ಸಾಕಷ್ಟು ಜಾಗ ಬಿಟ್ಟೇ ಗುಂಡಿ ಇಟ್ಟ.

ಆ ಜಾಗ ಸಾಲಲಿಲ್ಲ. ಹಾಡು ಶುರುವಾಗಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಕಂಡಕ್ಟರಿಗೆ ಬಸ್ಸು ನೆನಪಾಯಿತು.

“ಮೆಟ್ಟಿಲು ಮೆಟ್ಟಿಲು ಹತ್ತೋಣಾ!”

ಕೆಂಪು ದೀಪ ಹತ್ತಿತು. ಕಂಡಕ್ಟರು ಏರಿದ್ದು ಕೇಳಿ ಅತ್ತೆ ಏರಿದರು. ಅತ್ತೆಯ ದೀಪವೂ ಹತ್ತಿತು. ಇಬ್ಬರೂ ಏರಿದ್ದು ನೋಡಿ ಅಧ್ಯಕ್ಷರು ಮೈಕನ್ನೇ ನುಂಗುವಂತೆ ಬಾಯಿಗಿಟ್ಟುಕೊಂಡರು. ನರ್ಸಮ್ಮ ಹೆದರಿ ಹಿಂದಕ್ಕೆ ಸರಿದರು, ಅವರ ದೀಪ ಸತ್ತಂತೆ ಮಲಗಿತು. ಮೈಕಣ್ಣ ಒಂದು ಗುಂಡಿ ಇಳಿಸಿದರೆ ಇನ್ನೊಂದು ದೀಪ ಹತ್ತುತ್ತಿತ್ತು. ತೂತುಬಿದ್ದ ದೋಣಿಯಲ್ಲಿ ನೀರೆತ್ತುವವನ ಹಾಗೆ ಎರಡೂ ಕೈಯಲ್ಲಿ ಒದ್ದಾಡಿ, ಕೊನೆಗೆ ಎದ್ದು ಕೂಗಿದ.

“ನಿಲ್ಲಿಸೀ! ಎಲ್ಲ ಹರಿದುಹೋಯ್ತು!”

“ನನ್ನ ಧ್ವನಿ ನಂಗೇ ಕೇಳಿಸ್ಲಿಲ್ಲ,” ಎಂದರು ಅಧ್ಯಕ್ಷರು.

“ಅದೇ ಒಳ್ಳೇದಾಯ್ತು,” ಎಂದರು ಅತ್ತೆ ಶಾಲು ಸರಿಮಾಡಿಕೊಳ್ಳುತ್ತ. “ಅಳಿಯಂದ್ರೇ, ಕಂಡಕ್ಟರದ್ದು ಸ್ವಲ್ಪ ಇಳಿಸಿ, ನಂದು ಏರಿಸಿ.”

“ಅಮ್ಮಾವ್ರೇ, ನಂದು ಇಳಿಸಿದ್ರೆ ಹಾಡು ಕೂತುಬಿಡುತ್ತೆ,” ಎಂದರು ಕಂಡಕ್ಟರು.

“ಕೂರ್ಲಿ. ನಿಮ್ಮ ಜೊತೆ ಬಸ್ಸಲ್ಲಿ ಇಡೀ ದಿನ ನಿಂತಿರುತ್ತಲ್ಲ.”

ನರ್ಸಮ್ಮ ಏನೋ ಹೇಳಿದರು. ಏನೆಂದು ಯಾರಿಗೂ ಕೇಳಿಸಲಿಲ್ಲ.

ಮತ್ತೆ ಹಾಡಿಸಿದ. ಮತ್ತೆ ಹರಿಯಿತು. ಕಂಡಕ್ಟರನ್ನು ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿದರೆ, ಅಷ್ಟು ದೂರಕ್ಕೆ ಕೇಳಿಸಬೇಕಲ್ಲ ಎಂದು ಅವರು ಇನ್ನೂ ಜೋರಾಗಿ ಹಾಡಿದರು. ನರ್ಸಮ್ಮನನ್ನು ಮುಂದೆ ತಂದರೆ ಅವರು ಸಂಕೋಚದಿಂದ ಇನ್ನೂ ಮೆಲ್ಲಗೆ ಹಾಡಿದರು. ಎಲ್ಲರ ಕಣ್ಣೂ ಮೈಕಣ್ಣನ ಬೆರಳುಗಳ ಮೇಲೆ. ಯಾವ ಗುಂಡಿ ಯಾವ ಕಡೆ ತಿರುಗಿತೆಂದು ತರಕಾರಿ ತೂಕ ನೋಡುವವರಂತೆ ಕತ್ತು ಚಾಚಿ ನೋಡುತ್ತಿದ್ದರು. ತನ್ನದು ಇಳಿಯಿತು ಎಂದು ಯಾರಿಗೆ ಅನುಮಾನ ಬಂದರೂ ಅವರು ಒಂದು ಕೂಗು ಹೆಚ್ಚಿಸುತ್ತಿದ್ದರು.

ಮೈಕಣ್ಣನಿಗೆ ಇದು ವಿಚಿತ್ರವೆನಿಸಿತು. ಇವರ ಗಂಟಲು ಇರುವುದು ಕುತ್ತಿಗೆಯಲ್ಲಲ್ಲ, ನನ್ನ ಗುಂಡಿಯಲ್ಲಿ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿದ್ದಂತೆ ಅಟ್ಟದ ಮೇಲಿನ ಹಳೇ ಡಬ್ಬಿ ನೆನಪಾಯಿತು.

ಅದು ಎಂದೋ ಸುಟ್ಟುಹೋದ ಆಂಪ್ಲಿಫೈಯರ್. ಒಳಗಿನ ಸಾಮಾನನ್ನೆಲ್ಲ ಮೈಕಣ್ಣನೇ ಕಿತ್ತು ಬೇರೆ ಕಡೆ ಬಳಸಿದ್ದ. ಉಳಿದದ್ದು ಖಾಲಿ ತಗಡು, ಮುಂದೆ ಐದು ದಪ್ಪ ಗುಂಡಿ, ಪ್ಲಗ್ ಹಾಕಿದರೆ ಹತ್ತುವ ಒಂದು ಹಸಿರು ದೀಪ. ಅದನ್ನು ಇಳಿಸಿ, ಧೂಳು ಒರೆಸಿ, ಗುಂಡಿಗೊಂದರಂತೆ ಅವರವರ ಹೆಸರು ಅಂಟಿಸಿ ಮೇಜಿನ ಮೇಲಿಟ್ಟ.

“ನೋಡಿ, ಇನ್ಮೇಲೆ ನನ್ನ ಮೇಲೆ ದೂರು ಬೇಡ. ನಿಮ್ಮ ನಿಮ್ಮ ಸೌಂಡು ನಿಮ್ಮ ನಿಮ್ಮ ಕೈಲೇ ಇದೆ. ಎಷ್ಟು ಬೇಕೋ ಅಷ್ಟು ಇಟ್ಕೊಳ್ಳಿ.”

“ಇಂಥದ್ದು ಇಟ್ಕೊಂಡು ಇಷ್ಟು ಹೊತ್ತು ಸತಾಯಿಸಿದೆಯಲ್ಲೋ!” ಎಂದರು ಅಧ್ಯಕ್ಷರು.

ಡಬ್ಬಿ ದೊಡ್ಡದು, ಮೇಜು ಚಿಕ್ಕದು. ಮೇಜಿನ ಮೇಲಿದ್ದ ಪುಟ್ಟ ರೆಕಾರ್ಡರಿಗೆ ಜಾಗವಿಲ್ಲದಂತಾಯಿತು. ಮೈಕಣ್ಣ ಅದನ್ನು ಗುಂಪಿನ ಎದುರಿನ ಶೆಲ್ಫಿಗೆ ಸಾಗಿಸಿ, ಮಿಕ್ಸರಿನಿಂದ ಅಲ್ಲಿಯತನಕ ನೆಲದ ಮೇಲೆ ಒಂದು ಉದ್ದ ವೈರು ಎಳೆದ. ಆ ರೆಕಾರ್ಡರ್ ಅಂಗೈಯಷ್ಟಿತ್ತು, ತಲೆಯ ಮೇಲೆ ಜಿರಳೆಯ ಮೀಸೆಯಂತೆ ಅದರದ್ದೇ ಎರಡು ಪುಟಾಣಿ ಮೈಕು. ಆ ಮೈಕುಗಳನ್ನು ಮೈಕಣ್ಣ ಎಂದೂ ಬಳಸಿದವನಲ್ಲ. ಕಸುಬು ಬಾರದವರು ಬಳಸುವಂಥವು ಅವು ಎಂದು ಮೂಗು ಮುರಿಯುತ್ತಿದ್ದ.

“ಈಗ ಎಲ್ಲರೂ ಹೊರಗೆ ಬಂದು ಒಂದು ಲೋಟ ಚಹಾ ಕುಡೀರಿ. ಗಂಟಲಿಗೂ ಒಳ್ಳೇದು,” ಎಂದ.

ಚಹಾದ ಹೊತ್ತಿನಲ್ಲಿ ಮೈಕಣ್ಣ ಬಾಗಿಲ ಹಾಸಿಗೆಯ ಸಂದಿಯಿಂದ ಇಣುಕಿ ನೋಡುತ್ತ ನಿಂತ. ಹಾಸ್ಯವೆಂದರೆ ಇದು! ಮೊದಲು ಅತ್ತೆ ಲೋಟ ಇಡುವ ನೆಪದಲ್ಲಿ ಒಳಗೆ ಹೋಗಿ ಕಂಡಕ್ಟರ ಗುಂಡಿಯನ್ನು ಪೂರ್ತಿ ಎಡಕ್ಕೆ, ತಮ್ಮದನ್ನು ಪೂರ್ತಿ ಬಲಕ್ಕೆ ತಿರುಗಿಸಿ ಬಂದರು. ಆಮೇಲೆ ಅಧ್ಯಕ್ಷರು ಕನ್ನಡಕ ಮರೆತೆನೆಂದು ಹೋಗಿ ಅತ್ತೆಯದನ್ನು ಇಳಿಸಿದರು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ನರ್ಸಮ್ಮ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ತಮ್ಮದನ್ನು ತುದಿಗೆ ಮುಟ್ಟಿಸಿ, ಅಧ್ಯಕ್ಷರದನ್ನು ತಳಕ್ಕೆ ಮುಟ್ಟಿಸಿ ಬಂದರು. ಕಂಡಕ್ಟರು ಕೊನೆಗೆ ಹೋದರು. ತಮ್ಮ ಗುಂಡಿ ಎಡಕ್ಕೆ ಬಿದ್ದಿದ್ದು ನೋಡಿ ಹಲ್ಲು ಕಡಿದು, ಬಲಕ್ಕೆ ತಿರುಗಿಸಿದರು. ಅದು ತುದಿಗೆ ಬಂದು ನಿಂತರೂ ಬಿಡದೆ ಇನ್ನೊಮ್ಮೆ ಒತ್ತಿ ತಿರುಗಿಸಿದರು. ಅಜ್ಜಿಯೊಬ್ಬರೇ ಡಬ್ಬಿಯ ಹತ್ತಿರ ಸುಳಿಯಲಿಲ್ಲ. ಅವರು ಒಳಗೂ ಹೊರಗೂ ಓಡಾಡಿ ಎಲ್ಲರ ಲೋಟ ಒಟ್ಟುಮಾಡಿ, ಅಲ್ಲಿ ಇಲ್ಲಿ ಬಿದ್ದದ್ದನ್ನು ಎತ್ತಿಡುತ್ತಿದ್ದರು.

ಮೈಕಣ್ಣ ನಗು ತಡೆಯಲು ಹಾಸಿಗೆಯ ಹತ್ತಿಯನ್ನೇ ಕಚ್ಚಿಕೊಂಡ.

ಮತ್ತೆ ಎಲ್ಲರೂ ನಿಂತರು. ಮೈಕಣ್ಣ ಹೆಡ್‌ಫೋನ್ ಹಾಕಿಕೊಂಡು ಕೂಗಿದ: “ಅಜ್ಜೀ, ನಿಮ್ಮೆದುರು ಶೆಲ್ಫಿನ ಮೇಲಿದೆಯಲ್ಲ, ಅದರ ಕೆಂಪು ಬಟನ್ ಒತ್ತಿ.”

“ಒತ್ತಿದೆ ಕಣಪ್ಪ. ಏನೋ ಓಡ್ತಾ ಇದೆ.”

ಹಾಡು ಶುರುವಾಯಿತು. ಮೈಕಣ್ಣ ಎರಡೂ ಕೈ ಮಿಕ್ಸರಿನ ಗುಂಡಿಗಳ ಮೇಲಿಟ್ಟು, ಹಾವು ಹಿಡಿಯುವವನಂತೆ ಉಸಿರು ಬಿಗಿಹಿಡಿದು ಕೂತ. ಎರಡನೇ ಸಾಲು ಬಂತು. ದೀಪ ಹತ್ತಲಿಲ್ಲ. ಮೂರನೆಯದು ಬಂತು. ಹತ್ತಲಿಲ್ಲ.

ಅವನು ತಲೆಯೆತ್ತಿ ನೋಡಿದ. ಕಂಡಕ್ಟರು, ತಮ್ಮದು ತುದಿ ಮುಟ್ಟಿದೆ, ಇನ್ನು ಬಾಯಿ ಬಿಟ್ಟರೆ ಉಳಿದವರ ಗತಿಯೇನು ಎಂಬ ದೊಡ್ಡ ಮನಸ್ಸಿನಿಂದ ಹದವಾಗಿ ಹಾಡುತ್ತಿದ್ದರು. ಕಂಡಕ್ಟರ ಕಾಟ ತೀರಿತೆಂದು ಅತ್ತೆ ನೆಮ್ಮದಿಯಾಗಿ, ತಾಯಿ ಮಗುವಿಗೆ ಉಣಿಸುವಂತೆ ಹಾಡುತ್ತಿದ್ದರು. ಅಧ್ಯಕ್ಷರು ಮೈಕನ್ನು ನುಂಗುತ್ತಿರಲಿಲ್ಲ. ನರ್ಸಮ್ಮ ಮಾತ್ರ ಬೆನ್ನು ನೆಟ್ಟಗೆ ಮಾಡಿ ಬಾಯಿ ಬಿಟ್ಟು ಹಾಡುತ್ತಿದ್ದರು. ಎಂಥ ಧ್ವನಿ ಅದು! ಇಷ್ಟು ವರ್ಷ ಅದನ್ನು ಯಾವ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೋ. ಖಾಲಿ ತಗಡೊಂದು ನಾಲ್ಕು ಗಂಟಲುಗಳಿಗೆ ಹೇಗೆ ಹದ ಕಲಿಸಿತು? ಮೈಕಣ್ಣನಿಗೆ ಕುತೂಹಲ ತಡೆಯಲಾಗಲಿಲ್ಲ.

ಆದರೂ ಕೊನೆಯ ಸಾಲಿನಲ್ಲಿ ಕಂಡಕ್ಟರಿಗೆ ಉಮೇದು ತಡೆಯಲಾಗಲಿಲ್ಲ. “ಒಟ್ಟಿಗೆ ಬಾಳೋಣಾ” ಎಂದು ಕತ್ತೆತ್ತಿದರು. ದೀಪ ಹತ್ತಲು ಇನ್ನು ಕೂದಲೆಳೆಯಷ್ಟೇ ಬಾಕಿ ಇತ್ತು. ಮೈಕಣ್ಣ ಮಿಂಚಿನಂತೆ ಅವರ ಗುಂಡಿ ಅರ್ಧಕ್ಕೆ ಇಳಿಸಿದ. ಹೆಡ್‌ಫೋನಿನಲ್ಲಿ ಕಂಡಕ್ಟರ ಧ್ವನಿ ಮೆಲ್ಲಗೆ ಕೆಳಗಿಳಿದು ಎಲ್ಲರ ನಡುವೆ ಕೂತಿತು. ಮೈಕಣ್ಣ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಇದು ನೋಡಪ್ಪ ಕೈಚಳಕ!

ಹಾಡು ಮುಗಿದದ್ದೇ ಅಧ್ಯಕ್ಷರು ಶೆಲ್ಫಿನ ಮೇಲಿದ್ದ ರೆಕಾರ್ಡರನ್ನು ಎತ್ತಿ ಜೇಬಿಗಿಳಿಸಿದರು.

“ಸಾರ್, ಒಂದ್ಸಲ ಕೇಳಿ ನೋಡ್ತೀನಿ...”

“ಬೇಡ. ನೀನು ಅತ್ತೆದು ಏರಿಸ್ಬಿಡ್ತೀಯ. ಸಾಯಂಕಾಲದವರೆಗೂ ಇದು ನನ್ನ ಹತ್ರಾನೇ ಇರುತ್ತೆ.”

ಸಂಜೆ ತಾರಸಿಯ ಮೇಲೆ ಇಡೀ ಕಟ್ಟಡ ಸೇರಿತ್ತು. ಒಣಹಾಕಿದ ಬಟ್ಟೆಗಳ ನಡುವೆ ಕುರ್ಚಿಗಳು. ಮೈಕಣ್ಣನ ಹೆಂಡತಿ ಮುಂದಿನ ಸಾಲಿನಲ್ಲೇ ಕೈಕಟ್ಟಿ ಕೂತಿದ್ದಳು. ಸೈಕಲ್ ಇದ್ದವರೆಲ್ಲ ಒಂದು ಕಡೆ ಗುಂಪಾಗಿ, ಹಾಡು ಕೆಟ್ಟಿರಲಿ ಎಂದು ಹಾರೈಸುವ ಮುಖ ಮಾಡಿಕೊಂಡು ಕೂತಿದ್ದರು. ಅಧ್ಯಕ್ಷರು ರೆಕಾರ್ಡರನ್ನು ಸ್ಪೀಕರಿಗೆ ಸೇರಿಸಿದರು.

ಹಾಡು ತೇಲಿ ಬಂತು. ಐದು ಧ್ವನಿ ಒಂದೇ ಹಗ್ಗದ ಐದು ಎಳೆಯಂತೆ ಹೊಸೆದುಕೊಂಡಿದ್ದವು. ಸೈಕಲ್ಲಿನವರ ಮುಖ ಕೂಡ ಸಡಿಲಾಯಿತು. ಮೈಕಣ್ಣ ಎದೆಯುಬ್ಬಿಸಿ ಸುತ್ತ ನೋಡಿದ.

ಆಗ, ಹಾಡಿನ ನಡುವೆ, “ಗುಟುರ್ ಗುಟುರ್” ಎಂದಿತು ಪಾರಿವಾಳ.

ಮೈಕಣ್ಣ ತಾರಸಿಯ ಮೂಲೆಮೂಲೆ ನೋಡಿದ. ಪಾರಿವಾಳ ಅಲ್ಲಿರಲಿಲ್ಲ, ರೆಕಾರ್ಡಿನೊಳಗಿತ್ತು. ಇದೆಲ್ಲಿಂದ ಬಂತು? ಮೈಕುಗಳಿದ್ದದ್ದು ತುಟಿಗೆ ತಾಗಿದಂತೆ. ಪಾರಿವಾಳ ಕೂರುವುದು ಪರದೆಯಾಚೆಗಿನ ಕಿಟಕಿಯಲ್ಲಿ. ಹೆಡ್‌ಫೋನಿನಲ್ಲಿ ಅದರ ಸುಳಿವೂ ಇರಲಿಲ್ಲ. ಯೋಚಿಸುತ್ತಿರುವಾಗಲೇ ಕೊನೆಯ ಸಾಲು ಬಂತು. “ಒಟ್ಟಿಗೆ ಬಾಳೋಣಾ!” ಎಂದು ಕಂಡಕ್ಟರ ಕಂಠ ಒಂದು ಚೂರೂ ಇಳಿಯದೆ ತುಂಬಿ ಮೊಳಗಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಕಣ್ಣ ಮಾತ್ರ ಕೂತಲ್ಲೇ ಕೂತಿದ್ದ. ತಾನು ಅರ್ಧಕ್ಕೆ ಇಳಿಸಿದ್ದ ಧ್ವನಿ ಪೂರ್ತಿ ಹೇಗೆ ಬಂತು?

ಚಪ್ಪಾಳೆ ನಿಂತಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಈ ಯಶಸ್ಸಿನಲ್ಲಿ ನನ್ನದೂ ಒಂದು ಸಣ್ಣ ಪಾಲಿದೆ. ಯಾರದನ್ನು ಎಷ್ಟಿಡಬೇಕೋ ನಾನೇ ಒಂದ್ಸಲ ನೋಡಿ ತಿದ್ದಿದೆ. ಅಮ್ಮಾವ್ರದ್ದು ಸ್ವಲ್ಪ ಇಳಿಸಿದ್ದರಿಂದಲೇ...”

“ಏನಂದ್ರಿ?” ಅತ್ತೆ ಎದ್ದರು. “ನನ್ನ ಗುಂಡಿ ಇಳಿಸಿದ್ರಾ? ಹಾಡು ಚೆನ್ನಾಗಿ ಬಂದಿದ್ದು ನಾನು ಕಂಡಕ್ಟರದ್ದು ಇಳಿಸಿದ್ದಕ್ಕೆ!”

“ಓಹೋ, ನೀವಾ ಅದು?” ಕಂಡಕ್ಟರ ಕೂಗಿಗೆ ತಂತಿಯ ಮೇಲಿನ ಬಟ್ಟೆ ಅಲುಗಿತು. “ನಾನು ವಾಪಸ್ ಏರಿಸ್ಕೊಂಡಿದ್ದಕ್ಕೆ ಮಾನ ಉಳೀತು!”

“ನಾನು ಅಧ್ಯಕ್ಷರದ್ದು ಪೂರ್ತಿ ಮುಚ್ಚಿಬಿಟ್ಟಿದ್ದೆ,” ಎಂದರು ನರ್ಸಮ್ಮ. ಅವರ ಬದುಕಿನಲ್ಲೇ ಮೊದಲ ಸಲ ಆ ಮಾತು ಎಲ್ಲರಿಗೂ ಕೇಳಿಸಿತು.

ತಾರಸಿ ಸಂತೆಯಾಯಿತು. ಇಷ್ಟು ಹೊತ್ತು ಮೈಕಣ್ಣನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಉಳಿಯುತ್ತಿತ್ತೇನೋ. ಆದರೆ ಬೆಳಿಗ್ಗೆಯಿಂದ ಬೆವರು ಸುರಿಸಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ದಡದಡನೆ ಕೆಳಗಿಳಿದು ಹೋಗಿ, ಡಬ್ಬಿ ಹೊತ್ತು ತಂದು, ಎಲ್ಲರ ಮುಂದೆ ಮುಚ್ಚಳ ಕಿತ್ತ.

“ನೋಡ್ರೀ ಎಲ್ಲರೂ! ಇದು ಸತ್ತ ಡಬ್ಬಿ! ಒಳಗೆ ಏನಾದ್ರೂ ಇದೆಯಾ? ನೀವು ತಿರುಗಿಸಿದ್ದೆಲ್ಲ ಬರೀ ಗಾಳಿ! ಅಳತೆ ನೋಡಿದ್ದು ನಾನು, ಈ ಎರಡು ಕೈಲಿ!”

ಎಲ್ಲರೂ ಬಗ್ಗಿ ನೋಡಿದರು. ಒಳಗೆ ಧೂಳು, ಒಂದು ಜೇಡರ ಬಲೆ.

ಅಜ್ಜಿಯೂ ಬಗ್ಗಿ ನೋಡಿ ಕೇಳಿದರು: “ಹಾಗಾದ್ರೆ ಆ ವೈರು ಬೇಕಿತ್ತೇನಪ್ಪ?”

“ಯಾವ ವೈರು ಅಜ್ಜಿ?”

“ನಿನ್ನ ಮೇಜಿಂದ ಈ ಪುಟಾಣಿವರೆಗೂ ನೆಲದ ಮೇಲೆ ಬಿದ್ದಿತ್ತಲ್ಲ, ಅದೇ. ಕಾಲಿಗೆ ತೊಡರ್ತಿತ್ತು. ಚಹಾ ಕುಡಿಯೋ ಹೊತ್ತಲ್ಲಿ ಕಿತ್ತು, ಚೆನ್ನಾಗಿ ಸುತ್ತಿ, ಮೊಳೆಗೆ ಹಾಕ್ದೆ. ಬೇಕಾದ್ರೆ ನೋಡು, ಅಲ್ಲೇ ಇದೆ.”

ಮೈಕಣ್ಣನ ಕೈಯಿಂದ ಮುಚ್ಚಳ ಜಾರಿ ಠಣ್ ಎಂದಿತು. ಪಾರಿವಾಳ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಚಹಾದ ನಂತರ ಐದು ಮೈಕಿನಿಂದ, ಮಿಕ್ಸರಿನಿಂದ, ಅವನ ಎರಡು ಕೈಯಿಂದ ರೆಕಾರ್ಡರಿಗೆ ಒಂದು ಪಿಸುಮಾತೂ ಹೋಗಿರಲಿಲ್ಲ. ಅದು ಶೆಲ್ಫಿನ ಮೇಲೆ ಕೂತು, ವೈರು ಇಲ್ಲದಾಗ ತಾನಾಗೇ ಕೆಲಸ ಶುರುಮಾಡುವ ತನ್ನ ಜಿರಳೆ ಮೀಸೆಯಿಂದ, ಕೋಣೆಯಲ್ಲಿ ಕೇಳಿಸಿದ್ದನ್ನು ಕೇಳಿಸಿದಂತೆ ಹಿಡಿದಿತ್ತು. ಮೈಕಣ್ಣ ಉಸಿರು ಬಿಗಿಹಿಡಿದು ತಿರುಗಿಸಿದ ಗುಂಡಿಗಳೂ ಅಷ್ಟೇ ಸತ್ತಿದ್ದವು.

ಅವನ ಮುಖ ನೋಡಿಯೇ ಅಧ್ಯಕ್ಷರಿಗೆ ಅರ್ಥವಾಯಿತು. “ಅಂದ್ರೆ ನಿನ್ನ ಪೆಟ್ಟಿಗೆ ಏನೂ ಮಾಡ್ಲಿಲ್ಲ.”

“ಇಲ್ಲ ಸಾರ್.”

“ನಮ್ಮನ್ನ ಹದವಾಗಿ ಹಾಡಿಸಿದ್ದು ಈ ಖಾಲಿ ಡಬ್ಬಿ.”

ಮೈಕಣ್ಣ ಬಿದ್ದ ಮುಚ್ಚಳ ಎತ್ತಿ ಡಬ್ಬಿಗೆ ಮುಚ್ಚಿದ.

“ಮತ್ತೆ ಐದು ಮೈಕು, ಮೊಟ್ಟೆ ಟ್ರೇ, ಹಾಸಿಗೆ, ಒಂದು ಕೋಣೆ, ಇವೆಲ್ಲ ಯಾಕಪ್ಪ? ಇದನ್ನ ಎಲ್ಲಿಟ್ರೂ ಹಾಡು ಹಿಡಿಯುತ್ತಲ್ಲ!” ಅಧ್ಯಕ್ಷರು ರೆಕಾರ್ಡರನ್ನು ಎತ್ತಿ ತೋರಿಸಿದರು. ಸೈಕಲ್ಲಿನವರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಕೈ ಎತ್ತಿ ಎಂದು ಇನ್ನೂ ಯಾರೂ ಹೇಳಿಯೇ ಇರಲಿಲ್ಲ.

“ಕೋಣೆ ಹೋದ್ರೆ ನಾವೆಲ್ಲಿ ಹಾಡೋದು?” ಎಂದರು ನರ್ಸಮ್ಮ, ಈಗ ಕಲಿತ ಧೈರ್ಯದಿಂದ.

“ಯೋಚನೆ ಯಾಕೆ? ನಮ್ಮ ಅಳಿಯಂದ್ರ ಮನೆ ಹಾಲ್ ಇದೆಯಲ್ಲ!” ಎಂದರು ಅತ್ತೆ. “ನಾನಂತೂ ಇನ್ನು ಊರಿಗೆ ಹೋಗೋ ಮಾತೇ ಇಲ್ಲ.”

“ಡಬ್ಬಿ ಬರ್ಬೇಕು,” ಎಂದರು ಕಂಡಕ್ಟರು.

“ಅದು ಸತ್ತಿದೆ ಅಂತ ಈಗಷ್ಟೇ ನೋಡಿದ್ರಲ್ಲ!” ಎಂದ ಮೈಕಣ್ಣ.

“ಸತ್ತಿರ್ಲಿ ಬಿಡಿ. ಎದುರಿಗಿದ್ರೆ ಒಂಥರಾ ಸಮಾಧಾನ.”

ಮುಸ್ಸಂಜೆಗೆ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಸೈಕಲ್ಲುಗಳು ಸಾಲಾಗಿ ನಿಂತವು. ಮೈಕು, ಮಿಕ್ಸರು, ಮೊಟ್ಟೆ ಟ್ರೇ ಎಲ್ಲ ಮೈಕಣ್ಣನ ಮಂಚದ ಮೇಲೆ ರಾಶಿ ಬಿದ್ದವು. ಹಾಲಿನಲ್ಲಿ ಟೀಪಾಯಿಯ ಮೇಲೆ ಡಬ್ಬಿ, ಅದರ ಸುತ್ತ ಗುಂಪು. ಹಸಿರು ದೀಪ ಹತ್ತಿತು. ಅದು ಸತ್ತದ್ದೆಂದು ಗೊತ್ತಿದ್ದೂ ಎಲ್ಲರೂ ಗಂಭೀರವಾಗಿ ಬಂದು ತಮ್ಮ ತಮ್ಮ ಗುಂಡಿ ತಿರುಗಿಸಿಕೊಂಡು ಹೋಗಿ ನಿಂತರು.

“ಅಳಿಯಂದ್ರೇ, ನೀವು ಡಬ್ಬಿ ಹತ್ರ ಕೂತ್ಕೊಳ್ಳಿ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ,” ಎಂದು ಅತ್ತೆ ಶಾಲು ಸರಿಮಾಡಿಕೊಂಡು ಶುರುಮಾಡಿದರು.

ಮೊದಲ ಸಾಲು ಹದವಾಗಿತ್ತು. ಎರಡನೇ ಸಾಲಿನಲ್ಲಿ, ಮಗಳ ಮನೆಯೆಂಬ ಸಲಿಗೆಯೋ ಏನೋ, ಅತ್ತೆ ಏರತೊಡಗಿದರು. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಅಡುಗೆಮನೆಯಲ್ಲಿ ಲೋಟವೊಂದು ಉರುಳಿತು. ಮೈಕಣ್ಣನ ತಲೆಯೊಳಗೆ ಎಲ್ಲಿಯೋ ಆ ಕೆಂಪು ದೀಪ ಹತ್ತಿತು. ಅವನ ಬಲಗೈ ಸದ್ದಿಲ್ಲದೆ ಮುಂದಕ್ಕೆ ಹರಿದು, ಅತ್ತೆಯ ಹೆಸರಿನ ಗುಂಡಿಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿತು.

ಅತ್ತೆಯ ಧ್ವನಿ ಒಂದು ಎಳೆಯೂ ಇಳಿಯಲಿಲ್ಲ. ಆದರೂ ಅವನ ತಲೆನೋವು ಸ್ವಲ್ಪ ಇಳಿದಂತಾಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೊಂಚೂರು ತಿರುಗಿಸಿದ.